ದ್ಯಾವಮ್ಮನ ರೀಲು

ನಗಬ್ಯಾಡ್ರಿ. ಇದು ಅವರಿವರು ಹೇಳಿದ್ದಲ್ಲ. ನಮ್ಮ ದೊಡ್ಡವ್ವನ ಮಗ ಸುರೇಶಣ್ಣಂಗೆ ಆಗಿದ್ದು. ಆ ರಾತ್ರಿ ನಾನೂ ಅದೇ ಮನೇಲಿದ್ದೆ.

ಶಿವನಿ ಸ್ಟೇಷನ್ನಲ್ಲಿ ರೈಲಿಳಿದು ಅಣ್ಣ ನಡ್ಕೊಂಡು ಬತ್ತಿದ್ದ. ಹತ್ತೂವರೆ ಆಗಿತ್ತು. ಚೀಲದಲ್ಲಿ ಎರಡು ಬಾಟ್ಲಿ, ಫಿಲಂ ತೊಳೆಯೋ ಔಷಧಿ. ಅಣ್ಣ ತರೀಕೆರೆ ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು. ಹಳೇ ರೀಲ್ ಕ್ಯಾಮೆರಾದ ಹುಚ್ಚು. ಕಪ್ಪು-ಬಿಳುಪು ಫೋಟೊ ತೆಗೆದು ನಮ್ಮ ಬಚ್ಚಲುಮನೇಲೇ ತೊಳೀತಿದ್ದ.

ತೋಟದ ಬಾವಿ ಹತ್ರ ಬಂದಾಗ ರಾಟೆ ಸದ್ದು ಕೇಳಿಸ್ತಂತೆ. ಕಿರ್... ಕಿರ್... ಕಿರ್... ಬೋರ್ ಹಾಕ್ಸಿದ ಮೇಲೆ ಆ ರಾಟೆ ಬಿಚ್ಚಿ ಗುಜರಿಗೆ ಕೊಟ್ಟು ಆರು ವರ್ಷ. ಅಣ್ಣ ನಿಂತ. ಸದ್ದೂ ನಿಂತ್ಹೋಯ್ತು. ಹೆಜ್ಜೆ ಎತ್ತಿಟ್ಟ... ಕಿರ್. ಆಮೇಲೆ ಕಿವಿ ಪಕ್ಕದಲ್ಲೇ, ಪಿಸು ದನಿ...

"ಬ್ಯಾಡ ಕಣಪ್ಪಾ..."

ಅದು ಅವನ ಅವ್ವ ದ್ಯಾವಮ್ಮನ ದನಿ. ದ್ಯಾವಮ್ಮ ತೀರ್ಕೊಂಡು ಅವತ್ತಿಗೆ ಹತ್ತು ದಿನ.

ಅಣ್ಣ ಓಡಿದ. ಮನೆ ಸೇರಿದಾಗ ಅಂಗಿ ಮೈಗೆ ಅಂಟ್ಕೊಂಡಿತ್ತು.

ದೊಡ್ಡವ್ವ ಬದುಕಿರೋತನಕ ಫೋಟೊಗೆ ನಿಂತೋಳಲ್ಲ. ಮೊಬೈಲ್ ಎತ್ತಿದ್ರೆ ಸೆರಗು ಮುಖಕ್ಕೆ. "ನನ್ನ ಹಿಡಿದಿಡಬ್ಯಾಡ್ರೋ" ಅನ್ನೋಳು. ಯಾಕೆ ಅಂತ ಕೇಳಿದ್ರೆ ಎದ್ದು ಹೋಗೋಳು. ಅಣ್ಣನ ಮದುವೆ ಫೋಟೊದಲ್ಲೂ ಅವಳ ಬೆನ್ನೇ ಇರೋದು. ತಿಥಿಗೆ ಇಡಕ್ಕೆ ಫೋಟೊ ಬೇಕು ಅಂತ ಅವಳ ಆಧಾರ್ ಕಾರ್ಡು ಒಯ್ದು ಫ್ಲೆಕ್ಸ್ ಅಂಗಡಿಯೋನಿಗೆ ಕೊಟ್ರೆ, "ಮೂಗು ಯಾವುದು, ಬಾಯಿ ಯಾವುದು ಅಂತ್ಲೇ ಗೊತ್ತಾಗಲ್ಲ ಕಣ್ರೀ" ಅಂತ ವಾಪಸ್ ಕೊಟ್ಟ.

ಬೆಳಗಾದ್ರೆ ತಿಥಿ. ದೊಡ್ಡಪ್ಪ ಉಗ್ರಪ್ಪ ಜಗುಲಿ ಮೇಲೆ ಕೂತು ಒಂದೇ ಮಾತು ಹೇಳ್ತಿದ್ದ. "ನಂಗೇ ಅವಳ ಮುಖ ಬರವಲ್ದು ಕಣೋ. ಕಣ್ಣು ಮುಚ್ಚಿದ್ರೆ ಬರೀ ಸೆರಗು ಬತ್ತದೆ..."

ಅಣ್ಣನ ಹತ್ರ ಐದು ಫೋಟೊ ಇದ್ವು. ತಿಂಗಳ ಹಿಂದೆ ದೊಡ್ಡವ್ವ ಕಣದಲ್ಲಿ ರಾಗಿ ತೂರ್ತಿದ್ದಾಗ ತೆಂಗಿನ ಮರದ ಮರೇಲಿ ನಿಂತು, ಅವಳಿಗೆ ಗೊತ್ತಿಲ್ದಂಗೆ ತೆಗೆದಿದ್ದ. ರೀಲು ಇನ್ನೂ ತೊಳೆದಿರಲಿಲ್ಲ. ಔಷಧಿ ಮುಗಿದಿತ್ತು. ಬೆಂಗಳೂರಲ್ಲಿ ತೊಳೆಯಕ್ಕೆ ಕೊಟ್ರೆ ವಾರ ಆಗ್ತದೆ ಅಂದ್ರಂತೆ. ಅದಕ್ಕೇ ಔಷಧಿ ತಗೊಂಡು ಅವತ್ತೇ ವಾಪಸ್ ಬಂದಿದ್ದ.

ಬಚ್ಚಲುಮನೆ ಕಿಟಕಿಗೆ ಕಂಬಳಿ ಕಟ್ಟಿದ್ವಿ. ಬಾಗಿಲ ಸಂದಿಗೆ ಟವೆಲ್ ತುರುಕಿದ್ವಿ. ಅಣ್ಣ ಒಳಗಿಂದ ಚಿಲಕ ಹಾಕ್ಕೊಂಡ. ಹೊರಗೆ ನಾನು, ಅತ್ತಿಗೆ ಅಕ್ಷತಾ. ಗಾಢ ಕತ್ಲೇಲಿ ಕೈಯಂದಾಜಿನ ಮೇಲೆ ಫಿಲಂ ಬಿಚ್ಚಿ ಒಂದು ಚಕ್ರಕ್ಕೆ ಸುತ್ತಿ, ಡಬ್ಬಿಯೊಳಗಿಟ್ಟು ಮುಚ್ಚಳ ಹಾಕ್ಬೇಕು. ಅಲ್ಲೀತನಕ ಕಡ್ಡಿ ಗೀರಿದಷ್ಟು ಬೆಳಕು ಬಿದ್ರೂ ಮುಗೀತು, ಪೂರ್ತಿ ರೀಲು ಹಾಳು.

ಒಳಗೆ ಟಕ್ ಅಂತು. ರೀಲಿನ ಮುಚ್ಚಳ ಬಿಚ್ಚಿದ. ಸರ್... ಸರ್... ಫಿಲಂ ಎಳೀತಿದ್ದ.

ಆಮೇಲೆ... ಛಿಣ್.

ಗಾಜಿನ ಬಳೆ ಸದ್ದು. ನಾನು ಅತ್ತಿಗೆ ಕಡೆ ನೋಡಿದೆ. ಅವರು ಎರಡು ಕೈಯಲ್ಲೂ ಬಳೆ ಅದುಮಿ ಹಿಡ್ಕೊಂಡು ತಲೆ ಅಲ್ಲಾಡಿಸಿದ್ರು. "ನನ್ನವಲ್ಲ..."

ಒಳಗೆ ಆಗಿದ್ದು ಅಣ್ಣ ಆಮೇಲೆ ಹೇಳಿದ್ದು. ಫಿಲಂನ ಇನ್ನೊಂದು ತುದೀನ ಯಾರೋ ಹಿಡ್ಕೊಂಡ್ರಂತೆ. ಬೆರಳು ತಣ್ಣಗೆ, ಒರಟು. ಇವನು ಎಳೆದ್ರೆ ಅದೂ ಎಳೀತದೆ. ಬಿಟ್ರೆ ಅದೂ ಸಡಿಲ ಬಿಡ್ತದೆ. ಲೈಟಿನ ಸ್ವಿಚ್ಚು ತಲೆ ಮೇಲೇ ಇತ್ತು. ಕೈ ಎತ್ತಿದ್ರೆ ಸಾಕು... ಆದ್ರೆ ಲೈಟ್ ಹಾಕಿದ್ರೆ ಅವ್ವನ ಮುಖ ಹೋಯ್ತು, ಇನ್ನು ಯಾವತ್ತೂ ಇಲ್ಲ. ಹಂಗೇ ಕೂತ.

"ಅವ್ವಾ... ಒಂದೇ ಒಂದು ಬಿಡವ್ವಾ... ಅಪ್ಪಂಗೆ..."

"ಬ್ಯಾಡ ಕಣಪ್ಪಾ..."

ಎರಡು ದನೀನೂ ನಾವು ಕೇಳಿದ್ವಿ. ನಾನೂ ಕೇಳಿದೆ, ಅತ್ತಿಗೇನೂ ಕೇಳಿದ್ರು.

"ರೀ, ಲೈಟ್ ಹಾಕ್ರೀ!"

"ಆಗಲ್ಲ ಕಣೇ..." ಅಣ್ಣ ಅಳ್ತಿದ್ದ.

"ಬಾಗಿಲು ಒದೀಲೇನಣ್ಣಾ?"

"ಬ್ಯಾಡ ಕಣೋ! ಬೆಳಕು ಬತ್ತದೆ!"

ನಾನು ಎತ್ತಿದ ಕಾಲು ಇಳಿಸಿದೆ. ನಾವಿಬ್ರೂ ಬಾಗಿಲಿಗೆ ಅಂಗೈ ಒತ್ಕೊಂಡು ನಿಂತ್ವಿ. ಒಳಗೆ ಸರ್... ಸರ್... ಛಿಣ್... ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಫಿಲಂ ತಟ್ಟನೆ ಹಗುರ ಆಯ್ತಂತೆ. ಅಣ್ಣ ಗಡಿಬಿಡೀಲಿ ಸುತ್ತಿ ಮುಚ್ಚಳ ಹಾಕಿ, ಚಿಲಕ ತೆಗೆದ. ಒಳಗೆ ಅವನೊಬ್ಬನೇ. ನೆಲದ ಮೇಲೆ ಒಂದು ಬಳೆ ಚೂರೂ ಇಲ್ಲ.

ಔಷಧಿ ಹಾಕಿ ಹನ್ನೊಂದು ನಿಮಿಷ ಡಬ್ಬಿ ಅಲ್ಲಾಡಿಸ್ಬೇಕು. ಗುಳುಕ್... ಗುಳುಕ್... ಅದೊಂದೇ ಸದ್ದು. ಎರಡನೇ ಔಷಧೀನೂ ಆಯ್ತು. ನೀರಲ್ಲಿ ತೊಳೆದು ಟ್ಯೂಬ್‌ಲೈಟಿಗೆ ಹಿಡಿದ್ವಿ.

ತೋಟ ಬಂದಿತ್ತು. ಕುರಿ ಬಂದಿದ್ವು. ಬಟ್ಟೆ ಒಣಗ ಹಾಕ್ತಿದ್ದ ಅತ್ತಿಗೆ ಬಂದಿದ್ರು. ಆಮೇಲೆ ಆ ಐದು... ಕಣ ಇತ್ತು. ರಾಗಿ ಹೊಟ್ಟು ಗಾಳೀಲಿ ಹಾರ್ತಿತ್ತು. ಮೊರ ಎದೆಯೆತ್ತರದಲ್ಲಿ ತಾನೇ ನಿಂತಿತ್ತು. ಅದನ್ನ ಹಿಡಿದೋಳು ಇರ್ಬೇಕಾದ ಜಾಗ ಗಾಜಿನಂಗೆ ಖಾಲಿ. ಐದರಲ್ಲೂ ಅಷ್ಟೇ.

ದೊಡ್ಡಪ್ಪ ಎದ್ದು ಬಂದ. ಫಿಲಂ ಇಸ್ಕೊಂಡು ಕಣ್ಣಿಗೆ ಹತ್ರ ಹಿಡಿದ. ತಿರುಗಿಸಿ ಹಿಡಿದ. "ಎಲ್ಲವ್ಳೆ? ಸುರೇಸಾ... ಎಲ್ಲವ್ಳಪ್ಪಾ?"

ಅಣ್ಣ ಗೋಡೆ ಕಡೆ ತಿರುಗಿ ನಿಂತ್ಕೊಂಡ.

ಮಾರನೇ ದಿನ ತಿಥೀಲಿ ಕುರ್ಚಿ ಮೇಲೆ ಫೋಟೊ ಬದಲು ಅವಳದೊಂದು ಸೀರೆ ಮಡಿಸಿಟ್ಟು ಅದಕ್ಕೇ ಹಾರ ಹಾಕಿದ್ವಿ. ಬಂದೋರೂ ಅದಕ್ಕೇ ಕೈ ಮುಗಿದು ಹೋದ್ರು.

ನಂಬಿದ್ರೆ ನಂಬ್ರಿ, ಬಿಟ್ರೆ ಬಿಡ್ರಿ. ಆ ಫಿಲಂ ಇವತ್ತಿಗೂ ಶಿವನಿ ಮನೆ ಬೀರುವಲ್ಲಿದೆ, ನಾಳೆ ಬೇಕಾದ್ರೂ ಕರ್ಕೊಂಡು ಹೋಗಿ ತೋರಿಸ್ತೀನಿ. ಐದನೇ ಚಿತ್ರದ ಅಂಚಲ್ಲಿ ಒಂದು ಹೆಬ್ಬೆರಳಿನ ಗುರುತು ಮೂಡಿದೆ. ಒರೆಸಿದ್ರೆ ಹೋಗಲ್ಲ. ಅದರಲ್ಲಿ ಓರೆಯಾಗಿ ಒಂದು ಹಳೇ ಗಾಯದ ಗೆರೆ. ಅಣ್ಣನ ಬೆರಳು ನೋಡಿದ್ವಿ, ನಂದು ನೋಡಿದ್ವಿ, ಅತ್ತಿಗೇದೂ ನೋಡಿದ್ವಿ. ಯಾರದ್ದೂ ಅಲ್ಲ. ಹೋಲಿಸಿ ನೋಡಾನ ಅಂದ್ರೆ ದೊಡ್ಡವ್ವ ಸಹಿ ಹಾಕೋಳು, ಆಧಾರಿನ ಮಿಷನ್ ಬಿಟ್ರೆ ಕಾಗದದ ಮೇಲೆ ಎಲ್ಲೂ ಹೆಬ್ಬೆಟ್ಟು ಒತ್ತಿದ್ದಿಲ್ಲ.

ಅವಳ ಬೆರಳಲ್ಲಿ ಅಂಥ ಗಾಯ ಇತ್ತಾ ಅಂತ ದೊಡ್ಡಪ್ಪನ್ನ ಕೇಳಿದ್ವಿ. ನಲವತ್ತೆರಡು ವರ್ಷ ಆ ಕೈಲಿ ಉಂಡೋನು... ತನ್ನ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡ್ಕೊಂಡ.

ನೆನಪಿಲ್ಲ ಅಂದ. ನಮ್ಗೂ ಯಾರ್ಗೂ ನೆನಪಿಲ್ಲ.