ಲೋಟದೊಳಗಿನ ಹತ್ತಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಪಕ್ಕದ ಮನೆಯ ಯಾನೆತ್‌ಗೆ ಆದದ್ದಿದು. ಜೊತೆಗೆ ನಾನೇ ಇದ್ದೆ.

ಅವಳ ತಾಯಿ ಎರ್ಮೆಲಿಂದಾ ತೀರಿಕೊಂಡು ಒಂಬತ್ತನೇ ರಾತ್ರಿ. ಪ್ರಾರ್ಥನೆ ಹೇಳಿಸುವ ಮುದುಕಿಯನ್ನು ನದಿದಂಡೆಯ ಮನೆಗೆ ಮುಟ್ಟಿಸಿ, ಇಬ್ಬರೂ ಬಾವಿ ದಾಟಿ ವಾಪಸ್ ಬರುತ್ತಿದ್ದೆವು. ಯಾನೆತ್ ಕಾಲೆಳೆಯುತ್ತಿದ್ದಳು. ತಾಯಿ ಹೋದಾಗಿನಿಂದ ಒಂದೆರಡು ಗುಟುಕು ನೀರು ಬಿಟ್ಟರೆ ಅವಳ ಗಂಟಲಲ್ಲಿ ಏನೂ ಇಳಿದಿರಲಿಲ್ಲ.

ತಾಯಿಗೆ ಹೊಟ್ಟೆಯ ಕ್ಯಾನ್ಸರ್. ಬರೀ ಮೂಳೆ ಚರ್ಮ ಉಳಿದಿತ್ತು. ಮನೆಗೆ ಬರುತ್ತಿದ್ದ ನರ್ಸ್ ಹೇಳಿದ್ದಳು, "ಬಲವಂತ ಮಾಡ್ಬೇಡಮ್ಮ. ಆ ಮೈಗೆ ಊಟ ಹತ್ತಲ್ಲ, ಹಸಿವೂ ಇಲ್ಲ. ಹತ್ತಿ ನೆನೆಸಿ ತುಟಿ ಒದ್ದೆ ಮಾಡ್ತಿರು, ಸಾಕು."

ಯಾನೆತ್ ಕೇಳಬೇಕಲ್ಲ! "ಹೆತ್ತವಳನ್ನ ಉಪವಾಸ ಸಾಯಿಸ್ಲಾ?" ಅಂತ ನರ್ಸ್ ಮೇಲೇ ಹರಿಹಾಯ್ದಳು. ದಿನಾ ನಾಟಿಕೋಳಿ, ಮರಗೆಣಸು ಹಾಕಿ ಸಾರು. ದಿನಾ ಚಮಚ ತುಟಿಗೊತ್ತುವುದು. ಎರ್ಮೆಲಿಂದಾ ಮುಖ ತಿರುಗಿಸಿ, "ಸಾಕು ಮಗಳೇ..." ಅಂದದ್ದೇ ಕೊನೆಯ ಮಾತು.

ನಮ್ಮಲ್ಲಿ ಒಂಬತ್ತು ರಾತ್ರಿಯೂ ಸತ್ತವರಿಗಾಗಿ ಮನೆಯಲ್ಲಿ ಹೂಡಿದ ಪೀಠದ ಮೇಲೆ ಲೋಟ ನೀರಿಟ್ಟು, ಅದರಲ್ಲಿ ಹತ್ತಿ ಹಾಕುತ್ತೇವೆ. ಆತ್ಮಕ್ಕೆ ಬಾಯಾರಿದರೆ ಇರಲಿ ಅಂತ. ಯಾನೆತ್ ಸಾರಿನ ಬಟ್ಟಲನ್ನೂ ಇಟ್ಟಿದ್ದಳು. "ಹಸ್ಕೊಂಡೇ ಹೋದ್ಲು ಅಕ್ಕಾ..."

ಬಾಗಿಲ ಬೀಗ ತೆಗೆಯುವಾಗ ಒಳಗಿಂದ ಸದ್ದು. ಟಣ್... ಚಮಚ ಬಟ್ಟಲಿನ ಅಂಚಿಗೆ ತಾಗಿದ ಸದ್ದು. ಆಮೇಲೆ ಸರ್ರ್... ಬಟ್ಟಲನ್ನು ಯಾರೋ ಆಚೆ ತಳ್ಳಿದ ಹಾಗೆ.

"ಕೇಳಿಸ್ತಾ?"

"ಬೆಕ್ಕಿರ್ಬೇಕು ಕಣೆ."

"ಬೆಕ್ಕು ಕೋಳಿಸಾರು ಬಿಡುತ್ತಾ ಅಕ್ಕಾ..."

ಒಳಗೆ ಯಾರೂ ಇಲ್ಲ. ಬಟ್ಟಲು ಪೀಠದ ತುದಿಗೆ ಸರಿದಿತ್ತು. ಸಾರು ತುಂಬಿದ್ದು ತುಂಬಿದ ಹಾಗೇ ಇತ್ತು.

ಯಾನೆತ್ ಕುಸಿದಳು. "ಈಗ್ಲೂ ಬೇಡ ಅಂತಿದಾಳೆ. ಅವಳ ತುಟಿಗೆ ಒಂದ್ಸಲಾನೂ ನೀರು ಮುಟ್ಟಿಸ್ಲಿಲ್ಲ ಅಕ್ಕಾ ನಾನು... ಬರೀ ಸಾರು, ಸಾರು..." ಅತ್ತು ಅತ್ತು ಅಲ್ಲೇ ಪೀಠದ ಕೆಳಗೆ ನಿದ್ದೆಹೋದಳು. ತಲೆಯಡಿಗೊಂದು ದಿಂಬು ಕೊಟ್ಟು, ನಾನೂ ಗೋಡೆಗೊರಗಿದೆ.

ತೊಟ್... ತೊಟ್...

ನೀರಿನ ಹನಿ. ಕಣ್ಣು ಬಿಟ್ಟಾಗ ಬೆಳಗಾಗುತ್ತಿತ್ತು. ಯಾನೆತ್ ತುಟಿ ಮುಟ್ಟಿಕೊಂಡು ಎದ್ದು ಕೂತಿದ್ದಳು. ಒಡೆದು ಕರಿಗಟ್ಟಿದ್ದ ತುಟಿ ಈಗ ಒದ್ದೆ.

"ನೀನಾ ಅಕ್ಕಾ?"

"ನಾನಲ್ವೇ..."

ಅವಳು ತುಟಿ ನೆಕ್ಕಿಕೊಂಡಳು. ಆಮೇಲೆ ಪಿಸುಗುಟ್ಟಿದಳು, "ಪಾತ್ರೇಲಿ ಸಾರು ಉಳಿದಿದ್ಯಾ?"

ಬಿಸಿ ಮಾಡಿ ಕೊಟ್ಟೆ. ಅಳುತ್ತಲೇ ಕುಡಿದಳು.

ದೇವರಾಣೆ, ಇದು ನಡೆದದ್ದು. ಲೋಟ ಪೀಠದ ಮೇಲೇ ಇತ್ತು. ಹತ್ತಿ ಅವಳ ದಿಂಬಿನ ಮೇಲಿತ್ತು. ನನ್ನ ಕೈಯಾರೆ ಹಿಂಡಿ ನೋಡಿದೆ... ನೀರು ಬಂತು.