ಸಾಲ ತೀರಿದ ದಿನ ಮುಡಿ

ಕದ್ದು ಕೇಳುವ ಚಟ ನಾಗವೇಣಿ ಟೀಚರಿಗಿರಲಿಲ್ಲ. ಆದರೆ ಅರಸೀಕೆರೆಯ ಬ್ಯಾಂಕಿನ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಗಂಡ ಹೆಂಡತಿ ಮೆಲ್ಲಗೆ ಮಾತಾಡುವವರಲ್ಲ.

“ಮನೆ ಸಾಲಕ್ಕೆ ಇನ್ನೂ ಒಂಬತ್ತು ವರ್ಷ ಟೈಮ್ ಐತೆ. ಈಗ್ಲೇ ಯಾಕೆ ತೀರಿಸ್ಬೇಕು?” ಎಂದ ಗಂಡ.

“ಕೊಬ್ಬರಿಗೆ ಒಳ್ಳೆ ರೇಟ್ ಸಿಕ್ಕೈತೆ. ಸುಮ್ನೆ ಬಡ್ಡಿ ಯಾಕೆ ಕಟ್ಟೋದು?”

“ಕೈಲಿ ನಾಕು ಕಾಸಿರ್ಲಿ ಕಣೇ.”

“ಅದನ್ನ ಬೇರೆ ಎತ್ತಿಟ್ಟಿದೀನಿ. ನಿಜ ಹೇಳ್ರೀ, ಮಾಲೇಕಲ್ಲು ತಿಮ್ಮಪ್ಪನ ಹರಕೆ ಭಯ ತಾನೆ?”

ಗಂಡನ ಕೈ ತಾನಾಗಿ ತಲೆಗೆ ಹೋಯಿತು. ಐವತ್ತು ದಾಟಿದ್ದರೂ ಕೂದಲು ದಟ್ಟವಾಗಿತ್ತು.

“ಸಾಲ ತೀರಿದ ದಿನ ಮುಡಿ ಕೊಡ್ತೀನಿ ಅಂತ ಹೊತ್ಕಂಡೋರು ನೀವೇ.”

“ಇಪ್ಪತ್ತು ವರ್ಷದ ಸಾಲ. ಅಷ್ಟೊತ್ಗೆ ತಾನೇ ಉದುರೋಗಿರ್ತದೆ ಅನ್ಕಂಡಿದ್ದೆ.”

“ತಿಮ್ಮಪ್ಪಂಗೇ ಬೋಳು ತಲೆ ಒಪ್ಸೋಕೆ ನೋಡಿದ್ರಾ!”

ಟೀಚರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಮುಂದಿನ ತಿಂಗ್ಳು ನಿಮ್ಮಣ್ಣನ ಮಗಳ ಮದ್ವೆ. ಫೋಟೋ ತೆಗೀತಾರೆ...”

“ಮದುಮಗ ನೀವಲ್ಲ.”

ಅವರ ಟೋಕನ್ ನಂಬರ್ ಕೂಗಿದರು. ಗಂಡ ಎದ್ದು, ಜೇಬಿನಿಂದ ಬಾಚಣಿಗೆ ತೆಗೆದು ನಿಧಾನವಾಗಿ ತಲೆ ಬಾಚಿಕೊಂಡ. ಅವನು ಮುಗಿಸುವ ತನಕ ಹೆಂಡತಿ ಕಾದಳು. ಆಮೇಲೆ ಕೈ ಚಾಚಿದಳು.

“ಅದನ್ನ ಇಲ್ಲಿ ಕೊಡಿ. ಚೆಕ್ಕು ತಗಳಿ. ನಡೀರಿ.”