ಮಂಜಪ್ಪನವರ ತಂತಿಬೇಲಿ

ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಶಿಕಾರಿಪುರದ ಹಿರಿಯರೇ, ನನ್ನ ಭಾಷಣ ಕೇಳಲೆಂದೇ ಸೊರಬದ ಕಡೆಯಿಂದ ಬಸ್ಸು ಹತ್ತಿ ಬಂದು, ಇಳಿದ ಕೂಡಲೇ ಊಟ ಎಲ್ಲಿ ಎಂದು ವಿಚಾರಿಸಿಕೊಂಡ ನನ್ನೂರಿನ ಸಭಿಕರೇ,

ಸಂವಿಧಾನ ದಿನದಂದು ನಿವೃತ್ತ ನರ್ಸ್ ನಿರ್ಮಲಮ್ಮನಿಗೆ, ಅಂದರೆ ನನಗೆ, ಶಾಲು ಹೊದಿಸಿದ್ದೀರಿ. ಹಕ್ಕು, ಸೇವೆ, ಶಾಶ್ವತ ಶಾಂತಿಯ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದೀರಿ. ಶಾಶ್ವತ ಶಾಂತಿ! ಇಷ್ಟು ವರ್ಷ ಸಂಸಾರ ಮಾಡಿದವಳನ್ನು ಕೇಳುವ ಪ್ರಶ್ನೆಯೇ ಇದು? ನನ್ನ ಯಜಮಾನರಾದ ಮಂಜಪ್ಪನವರು ಮುಂದಿನ ಸಾಲಿನಲ್ಲೇ ಕುಳಿತು ನಗುತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತು ನಗಲಿ.

ಕುಪ್ಪಗಡ್ಡೆಯಲ್ಲಿ ನಮ್ಮ ಗದ್ದೆಯ ಅಂಚಿಗೆ ಒಂದು ಬಂಡಿದಾರಿ. ಅದರಾಚೆ ಕುರಿ ಸಾಕುವ ಉಜ್ಜಪ್ಪನವರ ಮನೆ. ಒಂದು ವರ್ಷ ಅವರ ಕುರಿಗಳು ನಮ್ಮ ಭತ್ತಕ್ಕೆ ಬಾಯಿ ಹಾಕಿದವು. ಕುರಿಗೆ ಪಹಣಿ ಓದಲು ಬರುತ್ತದೆಯೇ? ನಮ್ಮವರಿಗೆ ಬರುತ್ತದೆ. ಓದಿದರು, ದಾರಿಯೂ ನಮ್ಮ ಜಾಗವೇ ಎಂದು ಅದಕ್ಕೆ ಅಡ್ಡವಾಗಿ ತಂತಿಬೇಲಿ ಹಾಕಿದರು. ಉಜ್ಜಪ್ಪನವರು ತುಟಿ ಬಿಚ್ಚಲಿಲ್ಲ. ಕೆರೆ ಏರಿ ಸುತ್ತಿಕೊಂಡು ಓಡಾಡತೊಡಗಿದರು. ಜಗಳವಿಲ್ಲ, ಮಾತಿಲ್ಲ. ಊರು ಶಾಂತವಾಗಿದೆ ಎಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ.

ಒಂದು ಬೆಳಿಗ್ಗೆ ಉಜ್ಜಪ್ಪನವರ ಸೊಸೆ ಮೀನಾಳಿಗೆ ದಿನ ತುಂಬುವ ಮೊದಲೇ ನೋವು ಬಂತು. ಆಂಬುಲೆನ್ಸ್ ಬೇಲಿಯ ಈಚೆ ನಿಂತಿತು. ತಂತಿಯಡಿ ನುಸುಳಿ ಹೋಗಿ ನೋಡಿದರೆ ಹುಡುಗಿಗೆ ರಕ್ತ ಹೋಗುತ್ತಿತ್ತು.

"ಬೇಲಿ ತೆಗೀರಿ ಅಂತ ಒಂದು ಮಾತು ಕೇಳ್ಬಾರ್ದೇನ್ರೀ?" ಎಂದೆ.

"ಅವ್ರ ಜಾಗ, ಅವ್ರ ಬೇಲಿ. ನಾ ಕೇಳಲ್ಲ ಅಮ್ಮಾರೆ. ಏರಿ ಮೇಲೆ ಹೊತ್ಕಂಡು ಹೋಗ್ತೀವಿ" ಎಂದರು ಉಜ್ಜಪ್ಪ.

ಏರಿ ಸುತ್ತುವಷ್ಟು ಹೊತ್ತು ಮೀನಾಳ ಬಳಿ ಇರಲಿಲ್ಲ. ನಾನು ಬೇಲಿಯ ಹತ್ತಿರ ಓಡಿ ಬಂದೆ. ನಮ್ಮವರು ಅಲ್ಲೇ ನಿಂತಿದ್ದರು.

"ರೀ, ಬೇಲಿ ಬಿಚ್ಚಿ."

"ಅವ್ನು ಬಂದು ಕೇಳ್ಲಿ. ಪಹಣಿ ನನ್ನ ಹೆಸ್ರಲ್ಲೈತೆ. ಬೇಲಿ ಹಾಕೋದು ನನ್ನ ಹಕ್ಕು."

"ಬದುಕೋದು ಆ ಹುಡುಗಿ ಹಕ್ಕಲ್ವೇನ್ರೀ? ಅದಕ್ಕೂ ನಿಮಗೆ ಅರ್ಜಿ ಹಾಕ್ಬೇಕಾ?"

ನಾನು ಡ್ರೈವರ್ ಹತ್ತಿರ ಕಟಿಂಗ್ ಪ್ಲೇಯರ್ ಇಸಿದುಕೊಂಡೆ. ಎಷ್ಟೋ ಕೂಸುಗಳ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಒಂದು ತಂತಿಗೆ ಸೋತಿತು, ಪ್ಲೇಯರ್ ಜಾರಿ ಜಾರಿ ಹೋಯಿತು.

"ಕೊಡೇ ಇತ್ಲಾಗೆ, ಕೈ ಕುಯ್ಕಂತೀಯ" ಎಂದರು ನಮ್ಮವರು.

ಸಂವಿಧಾನಕ್ಕೆ ಸೋತರೆಂದು ಅವರು ಇವತ್ತಿಗೂ ಒಪ್ಪುವುದಿಲ್ಲ. ಹೆಂಡತಿಯ ಕೈಗೆ ಗಾಯವಾಗಬಾರದೆಂದು ಕತ್ತರಿಸಿದರಂತೆ! ಇರಲಿ. ಕಂಬಗಳನ್ನೂ ಕಿತ್ತೆಸೆದರು. ಆದರೆ ಆಚೆಯ ಕೆಸರಿಗೆ ವಾಹನ ಇಳಿಯುವಂತಿರಲಿಲ್ಲ. ಸ್ಟ್ರೆಚರಿನ ಮುಂದೆ ಉಜ್ಜಪ್ಪ, ಹಿಂದೆ ಮಂಜಪ್ಪ. "ನಿಧಾನ್ಕೆ ರೀ," "ಎಡಕ್ಕೆ ಬರ್ರಿ, ಗುಂಡಿ ಐತೆ," ಎನ್ನುತ್ತಾ, ಮಾತು ಬಿಟ್ಟಿದ್ದನ್ನೇ ಮರೆತು ಹೊತ್ತು ತಂದರು.

ತಾಯಿ ಉಳಿದಳು, ಮಗಳೂ ಉಳಿದಳು. ಬೇಲಿ ಮತ್ತೆ ಬರಲಿಲ್ಲ. ಈಗ ನಮ್ಮವರೂ ಉಜ್ಜಪ್ಪನವರೂ ಕುರಿಗಾಗಿ, ನೀರಿಗಾಗಿ ದಿನಾ ವಾದ ಮಾಡುತ್ತಾರೆ. ನೋಡಿ, ಅಲ್ಲೂ ಅಕ್ಕಪಕ್ಕ ಕುಳಿತು ಏನೋ ಶುರು ಮಾಡಿದ್ದಾರೆ. ಆ ಗಲಾಟೆ ಕಿವಿಗೆ ಬಿದ್ದರೆ ನನಗೆ ನೆಮ್ಮದಿ.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ಮೈಕು ಹಿಡಿದ ಮೇಲೆ ಬಾಯಿ ಕೇಳಬೇಕಲ್ಲ! ಆ ಬೆಳಿಗ್ಗೆ ನಮ್ಮವರು ಸುಮ್ಮನೆ ನಿಂತೇ ಇದ್ದಿದ್ದರೆ, ಮೀನಾಳ ಜೊತೆ ಆಸ್ಪತ್ರೆಗೆ ಹೊರಟ ನಾನು ಗಂಡನ ಮನೆಗೆ ವಾಪಸಾಗುತ್ತಿರಲಿಲ್ಲ. ಮನಸ್ಸಿನಲ್ಲಿ ತೀರ್ಮಾನ ಮಾಡಿ ಆಗಿತ್ತು. ಇದನ್ನು ಅವರಿಗೆ ಇವತ್ತಿನವರೆಗೆ ಹೇಳಿರಲಿಲ್ಲ.

ರೀ, ಯಾಕೆ ತಲೆ ತಗ್ಗಿಸ್ತೀರಿ? ಬಂದೆನಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ನಮ್ಮ ಮನೆಯವರನ್ನೂ ಸೇರಿಸಿ, ನನ್ನ ವಂದನೆಗಳು. ನಮಸ್ಕಾರ.